ಬಯಲುಸೀಮೆಯ ದ್ರಾಕ್ಷಿಗೆ ತಂಪು ಎಲ್ಲಿಂದ?

(ಉರಿಗಾಂನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಊರಿನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ನೆಲದಡಿಯ ಸಂಪತ್ತಿನ ಕಥೆ ನಿಮಗೆಲ್ಲ ಗೊತ್ತು. ಇಂದು ನೆಲದ ಮೇಲಿನ ಒಂದು ಬೆಳೆಯ ಬಗ್ಗೆ ಹೇಳುತ್ತೇನೆ. ಒಳ್ಳೆಯ ಬಿಳಿ ವೈನ್ ತಂಪು ದೇಶಗಳದ್ದು ಎಂಬ ಮಾತಿದೆ. ಹಾಗಾದರೆ ನಮ್ಮ ಬಯಲುಸೀಮೆಯಲ್ಲಿ ಅದು ಹೇಗೆ ತಯಾರಾಗುತ್ತಿದೆ?

ಮೊದಲು ಜರ್ಮನಿಯ ಮೊಸೆಲ್ ನದಿಯ ಕಣಿವೆಯನ್ನು ನೋಡೋಣ. ಅಲ್ಲಿ ಕಡಿದಾದ ಇಳಿಜಾರಿನ ಮೇಲೆ ಪದರಗಲ್ಲಿನ ನೆಲವಿದೆ. ಹಗಲು ಹೀರಿದ ಬಿಸಿಯನ್ನು ಆ ಕಲ್ಲು ರಾತ್ರಿ ಬಿಟ್ಟುಕೊಡುತ್ತದೆ. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ಚಳಿ ಏರುವ ಶರತ್ಕಾಲದಲ್ಲಿ ನಿಧಾನವಾಗಿ ಮಾಗುತ್ತದೆ. ತಂಪಿನಲ್ಲಿ ಹಣ್ಣಿನ ಹುಳಿ ಬೇಗ ಇಳಿಯದು. ಆ ಹುಳಿಯೇ ಬಿಳಿ ವೈನಿನ ಜೀವಾಳ. ಮಣ್ಣು, ಇಳಿಜಾರು, ಹವೆ, ಬೆಳೆಗಾರರ ರೂಢಿ ಇವೆಲ್ಲ ಕೂಡಿ ಬರುವ ಗುಣವನ್ನು ಫ್ರೆಂಚರು ‘ತೆರ್ವಾರ್’ ಎನ್ನುತ್ತಾರೆ.

ಮೊಸೆಲ್ ಇರುವುದು ಸುಮಾರು 50ನೇ ಉತ್ತರ ಅಕ್ಷಾಂಶದಲ್ಲಿ. ನಾವಿರುವುದು 13ರ ಆಸುಪಾಸಿನಲ್ಲಿ. ನಮಗೆ ತಂಪು ಕೊಡುವುದು ಎತ್ತರ. 1000 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಈ ಊರೇ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಂಥದೇ ಎತ್ತರದ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ, ಗ್ರೋವರ್ ಸಂಸ್ಥೆ 1988ರಲ್ಲಿ ಆರಂಭವಾಯಿತು. ಸೋವಿನ್ಯೋನ್ ಬ್ಲಾಂಕ್‌ನಂಥ ಫ್ರೆಂಚ್ ಬಿಳಿ ತಳಿಗಳು ಅಲ್ಲಿ ನೆಲೆಯೂರಿದವು.

ಆದರೆ ಒಂದು ತೊಡಕಿದೆ. ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಇಲ್ಲಿಯ ಬಳ್ಳಿಗೆ ಆ ನಿದ್ರೆಯಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಂದೆಗೆಯುವಾಗ ಮತ್ತೊಮ್ಮೆ ಬಳ್ಳಿ ಸವರಬೇಕು. ಹಣ್ಣು ಬರುವುದು ಫೆಬ್ರುವರಿ, ಮಾರ್ಚ್ ವೇಳೆಗೆ. ಅಲ್ಲಿ ಚಳಿಯ ಕಡೆಗೆ ಮಾಗುವ ಹಣ್ಣು ಇಲ್ಲಿ ಬಿಸಿಲಿನ ಕಡೆಗೆ ಮಾಗುತ್ತದೆ! ಕೊಯ್ಲು ಕೆಲವು ದಿನ ತಡವಾದರೂ ಹುಳಿ ಕುಸಿದು ವೈನ್ ಸಪ್ಪೆಯಾಗುತ್ತದೆ. ಬೆಳಗಿನ ತಂಪಿನಲ್ಲೇ ಗೊಂಚಲು ಕೊಯ್ಯುವುದು ಇದಕ್ಕಾಗಿ.

ರೈತನಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ತಿನ್ನಲೂ ಮಾರಬಹುದು, ರಸಕ್ಕೂ ಕೊಡಬಹುದು. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು. ಕಾರ್ಖಾನೆ ಬೇಡವೆಂದರೆ ಸಂತೆಯಲ್ಲಿ ಕೇಳುವವರಿಲ್ಲ. ಜೀವನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರುಣಿಸಿ ಬೆಳೆದ ಹಣ್ಣು ಹಾಗಾಗಬಾರದು.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ತಂದಿತು. ನೀತಿಯಿಂದ ಕಾರ್ಖಾನೆ ಬರಬಹುದು. ಆದರೆ ಬಳ್ಳಿ ನೆಡುವ ಮೊದಲೇ ಖರೀದಿಯ ಕರಾರು ರೈತನ ಕೈಯಲ್ಲಿರಬೇಕು. ಎತ್ತರದ ತಂಪು ಪ್ರಕೃತಿಯ ಕೊಡುಗೆ. ಈ ಭರವಸೆಯನ್ನು ನಾವೇ ಕೊಡಬೇಕು.