ನೀರೆತ್ತುವ ಎಂಜಿನ್ನಿನ ದಾಹ



ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಕಡೂರು, ಅಜ್ಜಂಪುರಗಳ ತೆಂಗಿನ ತೋಟಗಳನ್ನೂ, ಬೀರೂರಿನಲ್ಲಿ ಶಿವಮೊಗ್ಗೆಯ ಕಡೆಗೆ ತಿರುಗಿದವರು ತರೀಕೆರೆಯ ಅಡಕೆ ತೋಟಗಳನ್ನೂ ಕಂಡೇ ಇರುತ್ತಾರೆ. ಮಲೆನಾಡಿನ ಮಳೆ ಕಡೂರಿನ ಬಯಲಿಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ಆದುದರಿಂದ ಅಲ್ಲಿನ ಹಸುರಿಗೆ ನೆಲದೊಳಗಿನ ನೀರೇ ಆಧಾರ. ಹಿಂದೆ ಆ ನೀರನ್ನು ಕಪಿಲೆಯ ಎತ್ತು ಎತ್ತುತ್ತಿತ್ತು. ಅನಂತರ ಡೀಸೆಲ್ ಎಂಜಿನ್ನು ಬಂದಿತು. ಇಂದು ವಿದ್ಯುತ್ ಪಂಪುಗಳೇ ಹೆಚ್ಚಾಗಿದ್ದರೂ, ವಿದ್ಯುತ್ತು ಕೈಕೊಟ್ಟ ದಿನ ತೋಟಗಾರನು ನೆನೆಯುವುದು ಈ ಹಳೆಯ ಸೇವಕನನ್ನೇ.

ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರವಿರುವ ಅಜ್ಜಂಪುರದವರಿಗೆ ಎತ್ತಿನ ದಣಿವನ್ನು ಗುರುತಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ದಣಿದ ಎತ್ತು ಏದುಸಿರು ಬಿಡುತ್ತದೆ, ನಿಲ್ಲುತ್ತದೆ. ಎಂಜಿನ್ನು ಹಾಗಲ್ಲ, ತನ್ನನ್ನು ತಾನೇ ಸುಟ್ಟುಕೊಳ್ಳುವವರೆಗೂ ದುಡಿಯುತ್ತದೆ. ಅದರ ದಣಿವನ್ನು ಅರಿಯಬೇಕಾದರೆ ಒಳಗಿನ ಉಷ್ಣದ ದಾರಿಯನ್ನು ನಾವು ತಿಳಿದಿರಬೇಕು.

ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷಿಸಿ ತೋರಿಸಿದ ಯಂತ್ರದ ತತ್ವವಿದು. ಎಣ್ಣೆಯ ಉಷ್ಣದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಕೆಲಸವಾಗುತ್ತದೆ. ಅಷ್ಟೇ ಪಾಲು ಹೊಗೆಯೊಡನೆ ಹೋಗುತ್ತದೆ. ಉಳಿದುದರಲ್ಲಿ ಬಹುಭಾಗ ಲೋಹದ ಮೂಲಕವೇ ಹೊರಬರಬೇಕು.

ಜ್ವಾಲೆಯ ಶಾಖ ಕ್ಷಣಮಾತ್ರ 2000 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೇರುತ್ತದೆ. ಅದರ ಕೆಳಗೆ ಪಿಚಕಾರಿಯ ಕೊಂತದಂತೆ ಆಡುವ ಪಿಸ್ಟನ್ನು ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿ ಕರಗುತ್ತದೆ! ಆದರೂ ಅದು ಉಳಿಯುವುದೇಕೆಂದರೆ, ಬಂದ ಉಷ್ಣವನ್ನು ಒಡನೆಯೇ ಮುಂದಕ್ಕೆ ದಾಟಿಸುತ್ತದೆ. ಪಿಸ್ಟನ್ನಿನ ನೆತ್ತಿಯಿಂದ ಅದರ ಬಳೆಗಳಿಗೆ, ಬಳೆಗಳಿಂದ ತೆಳುವಾದ ಎಣ್ಣೆಯ ಪೊರೆಗೆ, ಅಲ್ಲಿಂದ ಲೈನರ್ ಎಂಬ ಎರಕದ ಕಬ್ಬಿಣದ ಕೊಳವೆಗೆ, ಕೊನೆಗೆ ಅದನ್ನು ಸುತ್ತುವ ನೀರಿಗೆ: ಇದೇ ಆ ದಾರಿ. ಪಂಪು ಎತ್ತಿದ ನೀರಿನಲ್ಲೇ ಒಂದಂಶವನ್ನು ಈ ಸುತ್ತಿಗೆ ತಿರುಗಿಸುವುದುಂಟು. ತೋಟಕ್ಕೆ ನೀರುಣಿಸುವ ಯಂತ್ರ ಮೊದಲು ತಾನು ಒಂದು ಗುಟುಕು ಕುಡಿಯುತ್ತದೆ.

ಅಪಾಯ ಅಡಗಿರುವುದೂ ಆ ಗುಟುಕಿನಲ್ಲಿಯೇ. ಗಡಸು ನೀರು ಕಾದಾಗ ಲೈನರಿನ ಹೊರಮೈಗೆ ಸುಣ್ಣ ಕಟ್ಟುತ್ತದೆ. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ನಮ್ಮ ಗೃಹಿಣಿಯರು ಕಾಣುವ ಬಿಳಿಯ ಪೊರೆಯೇ ಅದು. 1 ಮಿಲಿಮೀಟರ್ ಸುಣ್ಣ ಉಷ್ಣಕ್ಕೆ ಒಡ್ಡುವ ತಡೆ 20 ಮಿಲಿಮೀಟರಿಗೂ ಹೆಚ್ಚು ದಪ್ಪದ ಕಬ್ಬಿಣದ ತಡೆಗೆ ಸಮ. ಹೊರಗೆ ನೀರು ಹರಿಯುತ್ತಲೇ ಇರುತ್ತದೆ, ಮುಟ್ಟಿದರೆ ತಣ್ಣಗೂ ಇರಬಹುದು. ಒಳಗೆ ಲೋಹ ಬೇಯುತ್ತಿರುತ್ತದೆ. ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುವುದರಿಂದ ನಡುವಣ ಕೂದಲೆಳೆಯ ಸಂದು ಮುಚ್ಚುತ್ತದೆ, ಎಣ್ಣೆಯ ಪೊರೆ ಹರಿಯುತ್ತದೆ, ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಚೈತ್ರದ ಬಿಸಿಲಿನಲ್ಲಿ ಎಂಜಿನ್ನು ಹೀಗೆ ನಿಂತರೆ ನಷ್ಟವಾಗುವುದು ಬರಿಯ ಲೋಹವಲ್ಲ; ವರ್ಷಗಟ್ಟಲೆ ಸಾಕಿದ ಎಳೆಯ ಅಡಕೆ ಗಿಡಗಳು ಕೆಲವೇ ದಿನಗಳಲ್ಲಿ ಬಾಡುತ್ತವೆ.

ಹಾಗೆಂದು ಅತಿಯಾದ ತಂಪೂ ಹಿತವಲ್ಲ. ಲೈನರು ತೀರ ತಣ್ಣಗಿದ್ದರೆ ಹೊಗೆಯ ಗಂಧಕಾಂಶ ತೇವದೊಡನೆ ಕೂಡಿ ಆಮ್ಲವಾಗಿ ಅದರ ಮೈಯನ್ನು ಕೊರೆಯುತ್ತದೆ. ಹೊರಬರುವ ನೀರು ಕೈಗೆ ಚೆನ್ನಾಗಿ ಬಿಸಿಯೆನಿಸಬೇಕು, ಕುದಿಯಬಾರದು. ಕಾಲಕಾಲಕ್ಕೆ ಸುಣ್ಣವನ್ನು ತೆಗೆಯಿಸಬೇಕು. ಕಾದು ನಿಂತ ಎಂಜಿನ್ನಿಗೆ ಗಾಬರಿಯಿಂದ ತಣ್ಣೀರು ಸುರಿಯಲೇಬಾರದು. ಎರಕದ ಕಬ್ಬಿಣ ಬಿರುಕುಬಿಟ್ಟೀತು. ತಾನಾಗಿಯೇ ಆರಲು ಬಿಡುವುದು ಲೇಸು.

ಎತ್ತನ್ನು ಹೂಡುವ ಮುನ್ನ ನೀರು ಕುಡಿಸುವುದು ನಮ್ಮ ರೈತನ ಹಳೆಯ ಧರ್ಮ. ಎಂಜಿನ್ನಿನ ವಿಷಯದಲ್ಲಿ ಆ ಧರ್ಮ ಬದಲಾಗಿಲ್ಲ. ಕುಡಿಸಿದ ನೀರು ಒಳಗೆ ತಲುಪಿತೇ ಎಂದು ನೋಡುವ ಹೊಣೆಯೊಂದು ಹೊಸದಾಗಿ ಕೂಡಿಕೊಂಡಿದೆ.