ಬಳುಕುವ ರಚನೆಗೆ ಎಂಥ ಮಾದರಿ ಸಾಕು?



ಇಲ್ಲಿ ಕುಳಿತಿರುವವರಲ್ಲಿ ಎಂಜಿನಿಯರುಗಳೇ ಹೆಚ್ಚು. ನಾನು ಚಾರ್ಟರ್ಡ್ ಅಕೌಂಟೆಂಟ್, ನಿರ್ಮಾಣ ಯೋಜನೆಗಳ ಬಜೆಟ್ಟು ನೋಡುವವನು. ನೀವು ಮಾದರಿ ಕಟ್ಟುತ್ತೀರಿ. ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂದು ಕೇಳುವುದು ನನ್ನ ಪಾಲಿನ ಕೆಲಸ. ಆ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಹೇಗೆ ಎಂಬುದೇ ಇಂದಿನ ಮಾತು.

ಬಳುಕುವ ರಚನೆ ಕಂಪಿಸುವ ರೀತಿಗಳು ಲೆಕ್ಕವಿಲ್ಲದಷ್ಟು. ನೀವು ಅವನ್ನು ‘ಮೋಡ್’ ಎನ್ನುತ್ತೀರಿ. ಕಂಪನವನ್ನು ಹತೋಟಿಯಲ್ಲಿಡಲು ಅಷ್ಟೂ ಬೇಕಿಲ್ಲ, ಕೆಲವೇ ಮೋಡ್‌ಗಳ ಚಿಕ್ಕ ಮಾದರಿ ಸಾಕು. ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಆಡಿಟ್‌ನಲ್ಲಿ ನಾವು ‘ಮೆಟೀರಿಯಾಲಿಟಿ’ ಎಂಬ ಅಳತೆಗೋಲು ಬಳಸುತ್ತೇವೆ. ಒಂದು ಅಂಶ ಬಿಟ್ಟುಹೋದರೆ ಲೆಕ್ಕಪತ್ರ ಓದುವವರ ತೀರ್ಮಾನ ಬದಲಾಗುತ್ತದೆಯೇ ಎಂದು ನೋಡುತ್ತೇವೆ. ಇಲ್ಲಿಗೂ ಅದೇ ಅಳತೆ ಒಪ್ಪುತ್ತದೆ.

ಲಂಡನ್ನಿನ ಮಿಲೇನಿಯಂ ಸೇತುವೆಯನ್ನೇ ನೋಡಿ. 2000ದ ಜೂನ್ 10ರಂದು ತೆರೆದಾಗ ಜನ ಕಿಕ್ಕಿರಿದು ನಡೆದರು. ಸೇತುವೆ ಎಡಬಲಕ್ಕೆ ಓಲಾಡಿತು. ಎರಡೇ ದಿನದಲ್ಲಿ ಮುಚ್ಚಬೇಕಾಯಿತು. ಬಲ ಸಾಲದೆ ಹೀಗಾದದ್ದಲ್ಲ. ಲೆಕ್ಕದಲ್ಲಿ ಸೇರದೆ ಉಳಿದದ್ದು ನಡೆಯುವವರ ಪ್ರತಿಕ್ರಿಯೆ. ಕಾಲಡಿಯ ನೆಲ ಓಲಿದರೆ ನಾವು ಬೀಳದಂತೆ ಹೆಜ್ಜೆ ಹೊಂದಿಸಿಕೊಳ್ಳುತ್ತೇವೆ. ಆ ಹೆಜ್ಜೆಗಳೇ ಓಲಾಟಕ್ಕೆ ಇನ್ನಷ್ಟು ಬಲ ಕೊಡುತ್ತವೆ.

ಜನರನ್ನು ಸೇತುವೆಯ ಮೇಲೆ ನಡೆಸಿ ಅಳೆದಾಗ ಸರಳವಾದ ಸಂಬಂಧ ಸಿಕ್ಕಿತು: ಅವರ ಪಕ್ಕದ ತಳ್ಳು ಸೇತುವೆ ಓಲುವ ವೇಗಕ್ಕೆ ಅನುಪಾತದಲ್ಲಿತ್ತು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಸೇತುವೆಯ ಡ್ಯಾಂಪಿಂಗ್ ಖಾತೆಯಿಂದ ಪ್ರತಿ ಪಾದಚಾರಿಯೂ ಸ್ವಲ್ಪ ಸ್ವಲ್ಪ ತೆಗೆಯುತ್ತಾನೆ. ಜನರ ಸಂಖ್ಯೆ ಒಂದು ಮಿತಿ ದಾಟಿದರೆ ಬಾಕಿ ಸೊನ್ನೆಗಿಳಿದು ಓಲಾಟ ಬೆಳೆಯತೊಡಗುತ್ತದೆ. ಈ ಒಂದು ಸಾಲು ಸೇರಿದ ಮೇಲೆ ಎಷ್ಟು ಡ್ಯಾಂಪಿಂಗ್ ಬೇಕೆಂಬುದು ತಿಳಿಯಿತು. 37 ದ್ರವ ಡ್ಯಾಂಪರ್‌ಗಳನ್ನೂ ಸುಮಾರು 50 ಟ್ಯೂನ್ಡ್ ಮಾಸ್ ಡ್ಯಾಂಪರ್‌ಗಳನ್ನೂ ಅಳವಡಿಸಿ 2002ರ ಫೆಬ್ರವರಿಯಲ್ಲಿ ಸೇತುವೆಯನ್ನು ಮತ್ತೆ ತೆರೆದರು. ಈ ದುರಸ್ತಿಗೆ ತಗುಲಿದ್ದು ಸುಮಾರು 50 ಲಕ್ಷ ಪೌಂಡ್. ಆ ಸಾಲಿಲ್ಲದಿದ್ದರೆ, ಉಕ್ಕಿನ ಮಾದರಿಯನ್ನು ಹತ್ತು ಪಟ್ಟು ಸೂಕ್ಷ್ಮಗೊಳಿಸಿದ್ದರೂ ಓಲಾಟ ಅದರಲ್ಲಿ ಕಾಣುತ್ತಿರಲಿಲ್ಲ.

ತಿಳಿದೇ ಬಿಟ್ಟದ್ದನ್ನೂ ಮರೆಯುವಂತಿಲ್ಲ. ಸೆನ್ಸರ್ ಮತ್ತು ಮೋಟಾರುಗಳಿಂದ ಕಂಪನ ತಡೆಯುವ ವ್ಯವಸ್ಥೆಗಳಲ್ಲಿ, ನಾವು ಕೈಬಿಟ್ಟ ಮೋಡ್ ಒಂದನ್ನು ಮೋಟಾರು ಕೆದಕಬಹುದು. ಸೆನ್ಸರ್ ಅದನ್ನು ಬೇರೇನೋ ಎಂದು ಓದಬಹುದು. ಎರಡೂ ಕೂಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ: ತಡೆಯಬೇಕಾದ ನಿಯಂತ್ರಕವೇ ರಚನೆಯನ್ನು ಅಲುಗಿಸುತ್ತದೆ. ಇದಕ್ಕೆ ‘ಸ್ಪಿಲ್‌ಓವರ್’ ಎಂದು ಹೆಸರು. ಆದ್ದರಿಂದ ಮೋಡ್‌ಗಳನ್ನು ಆರಿಸುವಾಗ ಆವೃತ್ತಿಯ ಜೊತೆಗೆ, ಮೋಟಾರು ಅದನ್ನು ಎಷ್ಟು ಕದಲಿಸಬಲ್ಲದು, ಸೆನ್ಸರಿಗೆ ಅದು ಎಷ್ಟು ಕಾಣುತ್ತದೆ ಎಂಬುದನ್ನೂ ನೋಡಬೇಕು.

ಎಂಜಿನಿಯರ್ ಮಿತ್ರರೇ, ಬಜೆಟ್ ಕೇಳಲು ಬಂದಾಗ ಮಾದರಿ ಎಷ್ಟು ದೊಡ್ಡದೆಂದು ವಿವರಿಸುವ ಮೊದಲು ಏನನ್ನು ಬಿಟ್ಟಿದ್ದೀರಿ, ಅದು ಯಾವಾಗ ಕಾಟ ಕೊಡಬಹುದು, ಅಳೆದು ನೋಡಲು ಎಷ್ಟು ಬೇಕು ಎಂದು ಹೇಳಿ. ನನ್ನ ವೃತ್ತಿಬಾಂಧವರೇ, ಉಳಿತಾಯ ಹುಡುಕುವಾಗ ಪರೀಕ್ಷೆಯ ಖರ್ಚಿಗೇ ಮೊದಲ ಕತ್ತರಿ ಹಾಕಬೇಡಿ. ಅಲ್ಲಿ ಉಳಿಸಿದ ಹಣದ ಅಪಾಯವನ್ನು ಹೊರುವವರು ಸೇತುವೆಯ ಮೇಲೆ ನಡೆಯುವವರು.