ಬಚ್ಚಲ ನೀರು, ಬಿಳಿ ಹೂವು



ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಹಿತ್ತಿಲಲ್ಲೇ ನಿಲ್ಲುತ್ತದೆ, ಅಲ್ವಾ? ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಸೊಳ್ಳೆ ಕಚ್ಚಿದರೆ ಜ್ವರ ಬರಬಹುದು. ಮಗು ಮಲಗಿದರೆ ನಮ್ಮ ಕೂಲಿಯೂ ಹೋಯ್ತು, ಕೈಲಿದ್ದ ಕಾಸೂ ಹೋಯ್ತು. ಆ ನೀರನ್ನು ನಿಲ್ಲಲು ಬಿಡಬಾರದು. ಗಿಡಕ್ಕೆ ಕುಡಿಸೋಣ.

ಯಾವ ಗಿಡಕ್ಕೆ? ಸುರುಳಿ ಸುಗಂಧಿಗೆ. ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ಇದನ್ನು ಕಾಣಬಹುದು. ಹಾಲಿನಂಥ ಬಿಳಿ ಹೂವು. ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತದೆ. ಶುಂಠಿ, ಅರಿಶಿನ ಇದರ ಅಕ್ಕ ತಂಗಿಯರು. ಇದಕ್ಕೂ ನೆಲದೊಳಗೆ ಗೆಡ್ಡೆ ಇದೆ. ಬೇಸಿಗೆಯಲ್ಲಿ ಎಲೆ ಒಣಗಿದರೂ ಗೆಡ್ಡೆಗೆ ಜೀವ ಇರುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಗಟ್ಟಿ ಜೀವ ಅದು, ನಮ್ಮ ಹಾಗೇ!

ನೆಡುವುದು ಸುಲಭ. ದುಡ್ಡು ಬೇಡ. ಬೆಳೆದವರ ಮನೆಯಿಂದ ಮೊಳಕೆ ಇರುವ ಗೆಡ್ಡೆ ಕೇಳಿ ತನ್ನಿ. ಮುಂಗಾರು ಶುರುವಾದಾಗ ನೆಡಿ. ಬಚ್ಚಲ ನೀರು ಹರಿಯುವ ಕಡೆ ಮಣ್ಣು ಸಡಿಲ ಮಾಡಿ. ಕೊಟ್ಟಿಗೆ ಗೊಬ್ಬರ ಹಾಕಿ. 2 ಇಂಚು ಆಳದಲ್ಲಿ ಗೆಡ್ಡೆ ಇಡಿ. ಗಿಡದಿಂದ ಗಿಡಕ್ಕೆ 2 ಅಡಿ ಜಾಗ ಬಿಡಿ. ಸ್ವಲ್ಪ ನೆರಳಿದ್ದರೂ ಆಗುತ್ತದೆ. ಮಣ್ಣು ಮಾತ್ರ ಒಣಗಬಾರದು. ಬಟ್ಟೆ ಒಗೆದ ನೊರೆ ನೀರು ಬೇಡ.

ಮಳೆಗಾಲದಲ್ಲಿ ಹೂ ಬರುತ್ತದೆ. ಸಂಜೆ ಅರಳಿ ರಾತ್ರಿಯೆಲ್ಲ ಘಮಘಮ. ಮರುದಿನ ಬಾಡುತ್ತದೆ. ಆದ್ದರಿಂದ ಮಧ್ಯಾಹ್ನದ ಮೇಲೆ ಮೊಗ್ಗು ಕೊಯ್ಯಿರಿ. ಕಟ್ಟಿ ಮುಡಿಯಿರಿ. ಹೆಚ್ಚಿದ್ದರೆ ಅಂದೇ ಮಾರಿ. ಒಂದು ಕಾಂಡ ಒಂದೇ ಸಲ ಹೂ ಬಿಡುತ್ತದೆ. ಹೂ ಮುಗಿದ ಕಾಂಡವನ್ನು ಬುಡದಲ್ಲಿ ಕತ್ತರಿಸಿ. ಹೊಸದು ಬರುತ್ತದೆ.

ಮೂರು ವರ್ಷಕ್ಕೆ ಗಿಡ ಒತ್ತಾಗುತ್ತದೆ. ಆಗ ಗೆಡ್ಡೆ ಕಿತ್ತು ಭಾಗ ಮಾಡಿ. ನೆರೆಮನೆಗೂ ಕೊಡಿ. ಹಳ್ಳಕ್ಕೆ, ಕೆರೆಗೆ ಎಸೆಯಬೇಡಿ. ಅಲ್ಲಿ ಬೇರೂರಿ ಬೇರೆ ಗಿಡಗಳನ್ನು ಬೆಳೆಯಲು ಬಿಡುವುದಿಲ್ಲ.

ಈ ಹೂವಿನ ಒಂದು ಕಥೆ ಕೇಳಿ. ಸಮುದ್ರದಾಚೆ ಕ್ಯೂಬಾ ಎಂಬ ದೇಶವಿದೆ. ಹಿಂದೆ ಅದನ್ನು ಸ್ಪೇನ್ ದೇಶದವರು ಆಳುತ್ತಿದ್ದರು. ಜನ ಸ್ವಾತಂತ್ರ್ಯಕ್ಕಾಗಿ ಹೋರಾಡಿದರು. ಆಗ ಹೆಂಗಸರು ಈ ಹೂ ಮುಡಿದು, ಅದರೊಳಗೆ ಚೀಟಿ ಬಚ್ಚಿಟ್ಟು ಹೋರಾಟಗಾರರಿಗೆ ತಲುಪಿಸುತ್ತಿದ್ದರಂತೆ. 1936ರಲ್ಲಿ ಇದೇ ಹೂವು ಆ ದೇಶದ ರಾಷ್ಟ್ರೀಯ ಹೂವಾಯಿತು.

ನೋಡಿದಿರಾ? ಹೆಂಗಸಿನ ಕೈಯ ಒಂದು ಚೀಟಿಗೆ ಎಷ್ಟು ಬೆಲೆ! ಈಗ ನಮಗೂ ಬರೆಯಲು ಬರುತ್ತದೆ. ಗೆಡ್ಡೆ ನೆಟ್ಟ ತಾರೀಖು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮೊದಲ ಹೂ ಅರಳಿದ ದಿನ ಬರೆಯಿರಿ. ಹೂ ಮಾರಿದ ಕಾಸನ್ನೂ ಬರೆಯಿರಿ. ನಮ್ಮ ಹಿತ್ತಿಲ ಲೆಕ್ಕ ನಮ್ಮ ಕೈಬರಹದಲ್ಲೇ ಇರಲಿ.